ಶ್ವಾಸಕೋಶದ ಹಳೆ ರೋಗ: ರೇಖಿ, ಪ್ರಾಣಿಕ್ ಹೀಲಿಂಗ್ ಜೊತೆಗಿರಲಿ, ಪಂಪು ಬಿಡಬೇಡಿ

ದೀಪಾವಳಿ ಮುಗಿದು ಪುಣೆಗೆ ಚಳಿ ಇಳಿಯುವ ಹೊತ್ತಿಗೆ ಕೊಂಢವಾದ ಕ್ಲಿನಿಕ್ಕುಗಳ ಬಾಗಿಲಲ್ಲಿ ಚಪ್ಪಲಿಗಳ ಸಾಲು ಉದ್ದವಾಗುತ್ತದೆ. ಒಳಗೆ ಕೂತವರಲ್ಲಿ ಅರ್ಧದಷ್ಟು ಮಂದಿ ಕೆಮ್ಮಿನವರು. ಕೊಂಢವಾ ಖುರ್ದ್, ಕೊಂಢವಾ ಬುದ್ರುಕ್ ಎಂಬ ಎರಡು ಹಳ್ಳಿಗಳು ಇಂದು ದೊಡ್ಡ ಉಪನಗರವಾಗಿ ಬೆಳೆದಿವೆ. ಬ್ಯಾಂಕಿನವರಿಗೆ ಈ ಊರು ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕ್ ಮ್ಯಾನೇಜ್‌ಮೆಂಟ್ ಇರುವ ಜಾಗವೆಂದೇ ಪರಿಚಯ. ರಸ್ತೆಗೂ ಎನ್‌ಐಬಿಎಂ ರೋಡ್ ಎಂದೇ ಹೆಸರು. ನಾವು ಗುಮಾಸ್ತರು ಆ ಗೇಟಿನೊಳಗೆ ಹೋದದ್ದು ಕಡಿಮೆ, ಅದು ಅಧಿಕಾರಿಗಳ ತರಬೇತಿಯ ಜಾಗ. ಆದರೆ ಗೇಟಿನ ಹೊರಗಿನ ಧೂಳು ಎಲ್ಲರಿಗೂ ಸಮಾನ. ಕಾತ್ರಜ್-ಕೊಂಢವಾ ರಸ್ತೆಯ ಅಗಲೀಕರಣ ವರ್ಷಗಟ್ಟಲೆ ನಡೆದದ್ದು, ಎವಲೆವಾಡಿ ಕಡೆಯ ಕಟ್ಟಡ ಕಾಮಗಾರಿ, ಸಿಮೆಂಟ್ ಲಾರಿಗಳು - ಇಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಗೃಹಿಣಿಯರನ್ನು ಕೇಳಿದರೆ ಸಾಕು.

ಈ ಧೂಳಿನ ನಡುವೆಯೇ ಇನ್ನೊಂದು ಬಗೆಯ ಬೋರ್ಡುಗಳೂ ಹೆಚ್ಚಾಗಿವೆ. ರೇಖಿ, ಪ್ರಾಣಿಕ್ ಹೀಲಿಂಗ್, ಚಕ್ರ ಶುದ್ಧಿ, ದೂರದಿಂದಲೇ ಹೀಲಿಂಗ್. ನಮ್ಮ ಕನ್ನಡ ಕುಟುಂಬಗಳಲ್ಲೂ ಉಬ್ಬಸ, ದಮ್ಮು, ಹಳೆ ಕೆಮ್ಮು ಇರುವ ಹಿರಿಯರನ್ನು ಮಕ್ಕಳು ಅಲ್ಲಿಗೆ ಕರೆದೊಯ್ಯುತ್ತಿದ್ದಾರೆ. ಹೋಗಬಾರದು ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಹೋಗುವವರು ಏನನ್ನು ಬಿಡಬಾರದು ಎಂಬುದೇ ಇಲ್ಲಿನ ವಿಷಯ.

ಸಿಗರೇಟು ಮುಟ್ಟದವರಿಗೂ

ಡಾಕ್ಟರರು ಸಿಒಪಿಡಿ ಎಂದು ಚೀಟಿಯಲ್ಲಿ ಬರೆಯುವ ಈ ಕಾಯಿಲೆಯಲ್ಲಿ ಶ್ವಾಸನಾಳಗಳು ವರ್ಷಗಳ ಕಾಲ ಊದಿಕೊಂಡು ಕಿರಿದಾಗುತ್ತವೆ, ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಗೋಡೆಗಳು ಹರಿದು ಜೋತುಬೀಳುತ್ತವೆ. ಹರಿದದ್ದು ಮತ್ತೆ ಹೊಲಿಗೆಯಾಗುವುದಿಲ್ಲ. ಅಸ್ತಮಾಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸ ಇಲ್ಲಿದೆ: ಅಸ್ತಮಾದಲ್ಲಿ ನಾಳ ಬಿಗಿದು ಮತ್ತೆ ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ, ಸಿಒಪಿಡಿಯಲ್ಲಿ ಆದ ನಷ್ಟ ನಷ್ಟವೇ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅಸಲೇ ಕರಗಿರುತ್ತದೆ. ಔಷಧದ ಕೆಲಸ ಉಳಿದ ಅಸಲನ್ನು ಕಾಯುವುದು. 1990ರಲ್ಲಿ ಭಾರತದಲ್ಲಿ ಸುಮಾರು 2.8 ಕೋಟಿ ಇದ್ದ ರೋಗಿಗಳ ಸಂಖ್ಯೆ 2016ಕ್ಕೆ 5.5 ಕೋಟಿ ತಲುಪಿತ್ತು ಎಂದು 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ರಾಜ್ಯವಾರು ಅಧ್ಯಯನ ಲೆಕ್ಕ ಹಾಕಿದೆ.

ಇದು ಬೀಡಿ, ಸಿಗರೇಟಿನವರ ಕಾಯಿಲೆ ಎಂಬ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಒಬ್ಬರು ನಮ್ಮ ಪುಣೆಯವರೇ. ಚೆಸ್ಟ್ ರಿಸರ್ಚ್ ಫೌಂಡೇಶನ್‌ನಲ್ಲಿದ್ದ ಡಾ. ಸಂದೀಪ್ ಸಾಳ್ವಿ ಅವರು ಲಂಡನ್ನಿನ ಪೀಟರ್ ಬಾರ್ನ್ಸ್ ಜೊತೆ 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದ ಲೇಖನದ ಪ್ರಕಾರ ಈ ರೋಗಿಗಳಲ್ಲಿ ಶೇ. 25ರಿಂದ 45ರಷ್ಟು ಮಂದಿ ಎಂದೂ ಧೂಮಪಾನ ಮಾಡಿದವರಲ್ಲ. ಸೌದೆ, ಬೆರಣಿಯ ಒಲೆ, ಕೆಲಸದ ಜಾಗದ ಧೂಳು ಹೊಗೆ, ಹಳೆಯ ಕ್ಷಯ, ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ. ಮುಚ್ಚಿದ ಕೋಣೆಯ ಸೊಳ್ಳೆಬತ್ತಿಯೂ ಸಾಧುವಲ್ಲ. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರ ಒಂದು ಅಧ್ಯಯನ ತೂಗಿ ನೋಡಿದೆ.

ಹೊರನಾಡ ಕನ್ನಡಿಗರಿಗೆ ಇದು ಮನೆಯ ಮಾತು. ಕರಾವಳಿಯಿಂದ ಹದಿನಾಲ್ಕು ಹದಿನೈದನೇ ವಯಸ್ಸಿಗೆ ಬಂದು ಹೋಟೆಲಿನ ಒಳಮನೆಯಲ್ಲಿ ಇದ್ದಿಲ ಭಟ್ಟಿ, ಸೀಮೆಎಣ್ಣೆ ಪಂಪ್ ಸ್ಟೌ, ಕರಿದ ಎಣ್ಣೆಯ ಹೊಗೆಯ ನಡುವೆ ಆಯುಷ್ಯ ಕಳೆದವರು ನಮ್ಮಲ್ಲಿ ಎಷ್ಟು ಜನ! ಗಲ್ಲಾದ ಮೇಲೆ ಕೂತ ಧಣಿಯ ಸಾಧನೆ ಪತ್ರಿಕೆಗಳಲ್ಲಿ ಬರುತ್ತದೆ, ಬರಬೇಕಾದದ್ದೇ. ಆದರೆ ಒಳಗೆ ತಂದೂರಿನ ಬಾಯಿಗೆ ಮುಖ ಕೊಟ್ಟು ನಿಂತವನ ಎದೆಯ ಸುದ್ದಿ ಯಾರೂ ಬರೆಯಲಿಲ್ಲ. ಇನ್ನೊಂದೆಡೆ ವಿಜಯಪುರ, ಕಲಬುರಗಿ, ಯಾದಗಿರಿಯಿಂದ ದುಡಿಯಲು ಬಂದ ನಮ್ಮವರು ಇದೇ ಭಾಗದ ಕಟ್ಟಡಗಳಲ್ಲಿ ಸಿಮೆಂಟು ಹೊತ್ತು, ಸಂಜೆ ತಗಡಿನ ಶೆಡ್ಡಿನಲ್ಲಿ ಕಟ್ಟಿಗೆ ಒಲೆ ಹಚ್ಚುತ್ತಾರೆ.

ಕೈಯಲ್ಲಿ ಶಕ್ತಿ ಇದೆಯೇ?

ರೇಖಿ ಹುಟ್ಟಿದ್ದು ಜಪಾನಿನಲ್ಲಿ. ಮಿಕಾವೊ ಉಸುಯಿ ಎಂಬವರು 1922ರಲ್ಲಿ ಇದನ್ನು ಕಲಿಸತೊಡಗಿದರು. ಪ್ರಾಣಿಕ್ ಹೀಲಿಂಗ್ ಎಂಬ ಹೆಸರು ಕೇಳಿ ನಮ್ಮ ಋಷಿಮುನಿಗಳದ್ದೆಂದು ತಿಳಿಯುವವರೇ ಹೆಚ್ಚು. ಪ್ರಾಣ ಎಂಬ ಪದ ನಮ್ಮದೇ ಹೌದು. ಆದರೆ ಈಗಿನ ಪದ್ಧತಿಯನ್ನು ರೂಪಿಸಿ 1987ರಲ್ಲಿ ಪುಸ್ತಕ ಬರೆದವರು ಫಿಲಿಪ್ಪೀನ್ಸ್‌ನ ಚೋವಾ ಕೊಕ್ ಸುಯಿ, ಓದಿನಿಂದ ಕೆಮಿಕಲ್ ಇಂಜಿನಿಯರು, 2007ರಲ್ಲಿ ತೀರಿಕೊಂಡರು. ರೇಖಿಯಲ್ಲಿ ಕೈಯನ್ನು ದೇಹದ ಮೇಲೆ ಅಥವಾ ಸ್ವಲ್ಪ ಮೇಲಕ್ಕೆ ಹಿಡಿಯುತ್ತಾರೆ. ಪ್ರಾಣಿಕ್‌ನಲ್ಲಿ ಮುಟ್ಟುವುದೇ ಇಲ್ಲ. ಗಾಳಿಯಲ್ಲಿ ಕೈಯಾಡಿಸಿ "ಕೊಳೆ"ಯನ್ನು ಉಪ್ಪುನೀರಿನ ಬೋಗುಣಿಗೆ ಕೊಡವುತ್ತಾರೆ.

ಹಾಗೆ ಕೈಗೆ ಏನಾದರೂ ತಿಳಿಯುತ್ತದೆಯೇ? ಅಮೆರಿಕದ ಎಮಿಲಿ ರೋಸಾ ಎಂಬ ಹುಡುಗಿ ಒಂಬತ್ತನೇ ವಯಸ್ಸಿನಲ್ಲಿ ಶಾಲೆಯ ವಿಜ್ಞಾನ ಪ್ರಯೋಗಕ್ಕಾಗಿ ಇದನ್ನೇ ಪರೀಕ್ಷಿಸಿದಳು. ಅಲ್ಲಿ ನರ್ಸುಗಳು ಮಾಡುವ ಥೆರಪ್ಯೂಟಿಕ್ ಟಚ್ ಎಂಬ ಇಂಥದೇ ವಿದ್ಯೆಯವರು 21 ಮಂದಿ. ಅಡ್ಡಪರದೆಯ ತೂತುಗಳಲ್ಲಿ ಎರಡೂ ಕೈ ಚಾಚಿ ಕೂರಬೇಕು. ಹುಡುಗಿ ನಾಣ್ಯ ಚಿಮ್ಮಿ ಎಡವೋ ಬಲವೋ ಒಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಎಂದು ಅವರು ಹೇಳಬೇಕು. 280 ಬಾರಿ ಕೇಳಿದ್ದರಲ್ಲಿ ಸರಿಯಾದ ಉತ್ತರ 123. ಕಣ್ಣುಮುಚ್ಚಿ ಊಹಿಸಿದರೂ 140ರ ಆಸುಪಾಸು ಬರಬೇಕಿತ್ತು. 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ನಿನ ಪತ್ರಿಕೆ ಅದನ್ನು ಪ್ರಕಟಿಸಿತು. ಕೈಯಿಂದ ಶಕ್ತಿ ಹರಿಯುತ್ತದೆ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಪರೀಕ್ಷೆ ನಾನು ಓದಿಲ್ಲ.

ಹಾಗಾದರೆ ರೋಗಿಗಳು "ಹಗುರವಾಯಿತು" ಎನ್ನುವುದು ಸುಳ್ಳೇ? ಅಲ್ಲ. ಇಲ್ಲಿಯೇ ವಿಷಯ ಸೂಕ್ಷ್ಮವಾಗುತ್ತದೆ. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಸ್ತಮಾ ರೋಗಿಗಳ ಮೇಲಿನ ಒಂದು ಪ್ರಯೋಗ ಬಂತು. 39 ಮಂದಿ ಅದನ್ನು ಪೂರ್ತಿಗೊಳಿಸಿದರು. ಅವರಿಗೆ ಒಮ್ಮೆ ನಿಜವಾದ ಸಾಲ್ಬುಟಮಾಲ್ ಪಂಪು, ಒಮ್ಮೆ ಔಷಧವಿಲ್ಲದ ಪಂಪು, ಒಮ್ಮೆ ಸೂಜಿ ಚುಚ್ಚಿದಂತೆ ನಟಿಸುವ ಅಕ್ಯುಪಂಕ್ಚರ್, ಒಮ್ಮೆ ಏನೂ ಇಲ್ಲ. ಯಂತ್ರಕ್ಕೆ ಊದಿಸಿ ಅಳೆದಾಗ ನಿಜವಾದ ಪಂಪಿನಿಂದ ಉಸಿರಿನ ಪ್ರಮಾಣ ಶೇ. 20 ಏರಿತ್ತು, ಉಳಿದ ಮೂರರಲ್ಲೂ ಶೇ. 7ರಷ್ಟೇ. ಆದರೆ "ಎಷ್ಟು ಆರಾಮ ಅನಿಸಿತು?" ಎಂದು ಕೇಳಿದಾಗ ನಿಜವಾದ ಪಂಪಿಗೆ ಶೇ. 50, ಖಾಲಿ ಪಂಪಿಗೆ 45, ಸುಳ್ಳು ಸೂಜಿಗೆ 46 ಎಂದರು. ಏನೂ ಮಾಡದಿದ್ದಾಗ 21. ಅಂದರೆ ಮನಸ್ಸಿಗೆ ಆರಾಮ ನಿಜ, ನಾಳ ಮಾತ್ರ ಬಿಗಿದೇ ಇತ್ತು. ಬಿಗಿದ ನಾಳದೊಂದಿಗೆ ಆರಾಮವಾಗಿ ಮನೆಯಲ್ಲಿ ಕೂತಿರುವ ರೋಗಿಯನ್ನು ನೆನೆದರೆ ನನಗಂತೂ ಭಯವಾಗುತ್ತದೆ.

ಸಿಒಪಿಡಿಯವರಿಗೆ ಆರಾಮ ಅನಿಸಲು ಇನ್ನೂ ಒಂದು ಕಾರಣವಿದೆ. ಈ ರೋಗದಲ್ಲಿ ತೊಂದರೆ ಗಾಳಿ ಒಳಗೆ ಬರುವುದರಲ್ಲಲ್ಲ, ಹೊರಗೆ ಹೋಗುವುದರಲ್ಲಿ. ಕಾತ್ರಜ್ ನಿಲ್ದಾಣದ ಪಿಎಂಪಿ ಬಸ್ಸನ್ನು ನೆನೆಯಿರಿ: ಒಳಗಿದ್ದವರು ಇಳಿಯದೆ ಹೊರಗಿನವರು ಹತ್ತಲಾಗದು. ಗಾಬರಿಯಾದಾಗ ಉಸಿರಿನ ವೇಗ ಹೆಚ್ಚುತ್ತದೆ, ಹಳೆಯ ಗಾಳಿ ಇಳಿಯುವ ಮೊದಲೇ ಹೊಸದು ನುಗ್ಗುತ್ತದೆ, ಎದೆ ಊದಿಕೊಳ್ಳುತ್ತದೆ, ಅದರಿಂದ ಗಾಬರಿ ಇನ್ನಷ್ಟು. ಯಾರೋ ಒಬ್ಬರು ಮುಕ್ಕಾಲು ಗಂಟೆ ಪಕ್ಕದಲ್ಲಿ ಶಾಂತವಾಗಿ ಕೂತು, ಮೆಲುದನಿಯಲ್ಲಿ ಮಾತಾಡಿಸಿದರೆ ಉಸಿರು ನಿಧಾನವಾಗುತ್ತದೆ, ಬಸ್ಸು ಖಾಲಿಯಾಗುತ್ತದೆ. ಫಿಸಿಯೋಥೆರಪಿಯವರು ತುಟಿಗಳನ್ನು ಸೀಟಿ ಊದುವಂತೆ ಮಾಡಿ ನಿಧಾನ ಉಸಿರು ಬಿಡಲು ಕಲಿಸುವುದೂ ಇದಕ್ಕೇ.

ನನ್ನ ಭಾವನ ಹದಿಮೂರು ದಿನ

ನನ್ನ ಅಕ್ಕನ ಗಂಡ ಕಾರ್ಕಳ ಕಡೆಯವರು. ಮೂವತ್ತೈದು ವರ್ಷ ಪುಣೆಯ ಹೋಟೆಲುಗಳ ಒಳಮನೆಯಲ್ಲಿ ದುಡಿದು ಈಗ ಮಗನೊಂದಿಗೆ ಕೊಂಢವಾದಲ್ಲಿದ್ದಾರೆ. ಬೀಡಿ ಮುಟ್ಟಿದವರಲ್ಲ. ಎರಡು ಮಹಡಿ ಹತ್ತುವಾಗ ನಾಲ್ಕು ಕಡೆ ನಿಲ್ಲತೊಡಗಿದ ಮೇಲೆ ಊದುವ ಪರೀಕ್ಷೆ ಮಾಡಿಸಿದಾಗ ಇರಬೇಕಾದ ಉಸಿರಿನಲ್ಲಿ ಶೇ. 46 ಮಾತ್ರ ಉಳಿದಿತ್ತು. ದಿನಾ ಎರಡು ಹೊತ್ತು ಪಂಪು.

ಅದೇ ಸೊಸೈಟಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ರೇಖಿ ಮಾಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಮಂಗಳವಾರ, ಶುಕ್ರವಾರ ಬರುತ್ತಾರೆ. ಬಂದವರು ಮೊದಲು ಕೇಳುವುದು "ಪಂಪು ತಗೊಂಡ್ರಾ?" ಎಂದು. ಭಾವನಿಗೆ ಅಂದು ರಾತ್ರಿ ಒಳ್ಳೆಯ ನಿದ್ರೆ. ನಾನು ಸಂಶಯದ ಮುಖ ಮಾಡಿದರೆ ಅವರದು ಒಂದೇ ಉತ್ತರ: "ಎಂತ ಮಾರಾಯ, ನಿಮ್ಮ ಡಾಕ್ಟ್ರು ನಿದ್ರೆ ಬರ್ತದಾ ಅಂತ ಒಂದು ದಿನ ಕೇಳಿದ್ದುಂಟಾ?" ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಐದು ನಿಮಿಷದಲ್ಲಿ ಮೂರು ರೋಗಿ ನೋಡುವ ಒಪಿಡಿಯಲ್ಲಿ ಅದನ್ನು ಕೇಳುವವರು ಯಾರು?

ತೊಂದರೆ ಬಂದದ್ದು ಬೇರೆ ಕಡೆಯಿಂದ. ಪರಿಚಯದವರು ಒಬ್ಬರು ಹಣ ಕಟ್ಟಿ ಸೇರುವ ಹೀಲಿಂಗ್ ಶಿಬಿರಕ್ಕೆ ಭಾವನನ್ನು ಕರೆದೊಯ್ದರು. ಅಲ್ಲಿನ ಗುರುವಿನ ಅಪ್ಪಣೆ, ಇಪ್ಪತ್ತೊಂದು ದಿನ ಪಂಪು ಮುಟ್ಟಬಾರದು, ಸ್ಟಿರಾಯ್ಡ್ ಇರುವುದರಿಂದ ಅದು ಶಕ್ತಿಯ ಹರಿವಿಗೆ ತಡೆ. ಅಕ್ಕ ಬೇಡವೆಂದರೂ ಭಾವ ಕೇಳಲಿಲ್ಲ. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೇ ದಿನ ಕಫ ಹೆಚ್ಚಿತು, ಬಿಳಿ ಹೋಗಿ ಹಳದಿಯಾಯಿತು. ಫೋನು ಮಾಡಿ ಕೇಳಿದರೆ ಶಿಬಿರದಿಂದ ಬಂದ ಉತ್ತರ: "ಒಳಗಿನ ಕೊಳೆ ಹೊರಗೆ ಬರ್ತಾ ಇದೆ, ಶುಭ ಲಕ್ಷಣ." ಹದಿಮೂರನೇ ದಿನ ಬೆಳಗಿನ ಜಾವ ಅಕ್ಕನ ಫೋನು. "ತಮ್ಮಾ, ಭಾವನ ತುಟಿ ನೀಲಿ ಆಗಿದೆ, ಕರೆದರೆ ತೂಕಡಿಸ್ತಾರೆ." ಮುಖಕ್ಕೆ ಮಾಸ್ಕು ಕಟ್ಟಿ ಗಾಳಿ ಒತ್ತುವ ಬೈಪ್ಯಾಪ್ ಯಂತ್ರದ ಮೇಲೆ ಎರಡು ದಿನ, ಒಟ್ಟು ಆರು ದಿನ ಆಸ್ಪತ್ರೆ. ಬದುಕಿ ಬಂದರು. ಆದರೆ ಊದುವ ಪರೀಕ್ಷೆಯಲ್ಲಿ 46 ಇದ್ದದ್ದು ಮುಂದಿನ ಬಾರಿ 41 ಆಗಿತ್ತು, ಇಂದಿಗೂ ಅಲ್ಲಿಂದ ಮೇಲೇರಿಲ್ಲ.

ಕಫದ ಬಣ್ಣ ಬದಲಾಗುವುದು, ಪ್ರಮಾಣ ಹೆಚ್ಚುವುದು, ದಮ್ಮು ಜಾಸ್ತಿಯಾಗುವುದು - ವೈದ್ಯಶಾಸ್ತ್ರದಲ್ಲಿ ಇವು ರೋಗ ಉಲ್ಬಣಿಸಿದ್ದರ ಲಕ್ಷಣಗಳು. ಅಂದೇ ಡಾಕ್ಟರರಿಗೆ ಹೇಳಬೇಕು. ತುಟಿ, ಉಗುರು ನೀಲಿಯಾದರೆ, ಮಾತು ತೊದಲಿದರೆ, ಮಂಪರು ಕವಿದರೆ ಅಂದಿನ ಮಾತೂ ಬೇಡ, ಆ ಗಳಿಗೆಯೇ ಆಂಬುಲೆನ್ಸ್. ಮಂಪರು ಏಕೆಂದರೆ ಹೊರಹೋಗದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮೆದುಳನ್ನು ಮಲಗಿಸುತ್ತಿರುತ್ತದೆ. ನೋಡುವವರಿಗೆ ಅದು "ಶಾಂತವಾಗಿ ಮಲಗಿದ್ದಾರೆ" ಎಂದೇ ಕಾಣುತ್ತದೆ. ಹೀಲಿಂಗ್ ಆದ ಮೇಲೆ ಬಂದ ನಿದ್ರೆಗೂ ಈ ಮಂಪರಿಗೂ ವ್ಯತ್ಯಾಸ ತಿಳಿಯಲು ಒಂದೇ ದಾರಿ, ಎಬ್ಬಿಸಿ ಮಾತಾಡಿಸುವುದು.

ಒಂದು ಮಾತು ಹೀಲರುಗಳ ಪರವಾಗಿಯೂ ಹೇಳಬೇಕು. ತಮ್ಮ ವಿದ್ಯೆ ವೈದ್ಯಕ್ಕೆ ಬದಲಿ ಅಲ್ಲ, ಪೂರಕ ಮಾತ್ರ ಎಂದು ಚೋವಾ ಕೊಕ್ ಸುಯಿ ಅವರ ಪುಸ್ತಕಗಳೇ ಹೇಳುತ್ತವೆ. ಪಂಪು ಬಿಡಿ ಎನ್ನುವ ಹೀಲರ್ ಡಾಕ್ಟರರ ಮಾತನ್ನಷ್ಟೇ ಅಲ್ಲ, ತನ್ನ ಗುರುವಿನ ಮಾತನ್ನೂ ಮೀರಿದ ಹಾಗಾಯಿತು.

ಜಿಗಣಿಯ ಯೋಗ ಬೇರೆ ಲೆಕ್ಕ

ಹೀಲಿಂಗ್ ಮತ್ತು ಪ್ರಾಣಾಯಾಮ ಎರಡನ್ನೂ ಒಂದೇ ಚೀಲಕ್ಕೆ ಹಾಕುವವರಿದ್ದಾರೆ. ಇದು ತಪ್ಪು. ಮೊದಲನೆಯದರಲ್ಲಿ ಕೈಯಾಡಿಸುವವರು ಬೇರೊಬ್ಬರು, ಎರಡನೆಯದರಲ್ಲಿ ಉಸಿರಾಟದ ಸ್ನಾಯುಗಳಿಗೆ ಕೆಲಸ ಕೊಡುವವರು ರೋಗಿಯೇ. ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರು 1985ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಸ್ತಮಾ ಮತ್ತು ಯೋಗದ ಅಧ್ಯಯನ ಪ್ರಕಟಿಸಿದರು. ಯೋಗ ಕಲಿತ 53 ಮಂದಿ, ಹೋಲಿಕೆಗೆ ಔಷಧ ಮಾತ್ರದ 53 ಮಂದಿ. ಯೋಗದವರಲ್ಲಿ ವಾರಕ್ಕೆ ಬರುವ ಅಸ್ತಮಾ ದಾಳಿ ಕಡಿಮೆಯಾಯಿತು, ಔಷಧದ ಅಗತ್ಯ ಇಳಿಯಿತು, ಊದುವ ಬಲ ಹೆಚ್ಚಿತು. ಅವರೇ ಕಟ್ಟಿದ, ಜಿಗಣಿ ಬಳಿಯ ಎಸ್-ವ್ಯಾಸ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಸಿಒಪಿಡಿ ಇದ್ದ 81 ಕಲ್ಲಿದ್ದಲು ಗಣಿ ಕಾರ್ಮಿಕರ ಮೇಲೆ 12 ವಾರಗಳ ಪ್ರಯೋಗದ ಫಲ ಪ್ರಕಟಿಸಿದರು. ಯೋಗ ಮಾಡಿದವರ ದಮ್ಮು, ಆಯಾಸ ಇಳಿದಿತ್ತು. ಇವುಗಳಲ್ಲಿ ಯಾರೂ ಔಷಧ ನಿಲ್ಲಿಸಿ ಎಂದು ಅಪ್ಪಣೆ ಕೊಟ್ಟಿರಲಿಲ್ಲ, ಸಂಖ್ಯೆಗಳನ್ನು ಅಳೆದು ಎಲ್ಲರ ಮುಂದಿಟ್ಟರು. ಹಾಗೆಂದು ಟಿವಿ ನೋಡಿ ಕಪಾಲಭಾತಿ ಶುರು ಮಾಡಬೇಡಿ. ದಮ್ಮಿರುವವರಿಗೆ ರಭಸದ ಉಸಿರೂ ಉಸಿರು ಕಟ್ಟುವ ಕುಂಭಕವೂ ಸಲ್ಲದು.

ಉತ್ತರ ಕರ್ನಾಟಕದ ನಮ್ಮ ಬಂಧುಗಳಿಗೆ ಇನ್ನೊಂದು ದಾರಿಯೂ ಗೊತ್ತು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಕೊಡುವ ಮೀನಿನ ಪ್ರಸಾದ, ಅದೇ ದಿನ ಕೊಪ್ಪಳದ ಕುಟುಗನಹಳ್ಳಿಯಲ್ಲಿ ಕೊಡುವ ಔಷಧ. ಜನ ರೈಲು ತುಂಬಿ ಹೋಗುತ್ತಾರೆ. ಹೋಗುವವರು ಕಿಸೆಯಲ್ಲಿ ಪಂಪು ಇಟ್ಟುಕೊಂಡು ಹೋಗಲಿ. ಆ ಜನಜಂಗುಳಿಯ ಸಾಲಿನಲ್ಲಿ ನಿಂತಾಗಲೇ ಅದು ಬೇಕಾಗಬಹುದು.

ಕಾನೂನಿನ ಮಾತು ಚಿಕ್ಕದು. ಮಂತ್ರ, ತಾಯಿತ, ಮಾಂತ್ರಿಕ ಪರಿಹಾರದಿಂದ ರೋಗ ವಾಸಿ ಎಂಬ ಜಾಹೀರಾತಿಗೆ 1954ರ ಕೇಂದ್ರ ಕಾಯ್ದೆಯ ತಡೆ ಇದೆ. 2013ರ ಆಗಸ್ಟ್ 20ರಂದು ಪುಣೆಯ ಓಂಕಾರೇಶ್ವರ ಸೇತುವೆಯ ಮೇಲೆ ಡಾ. ನರೇಂದ್ರ ದಾಭೋಳ್ಕರ್ ಅವರ ಹತ್ಯೆಯಾದ ನಂತರ ಬಂದ ಮಹಾರಾಷ್ಟ್ರದ ಕಾಯ್ದೆಯು ಹಾವು, ನಾಯಿ, ಚೇಳು ಕಚ್ಚಿದವರನ್ನು ವೈದ್ಯರ ಬಳಿ ಹೋಗದಂತೆ ತಡೆದು ಮಂತ್ರ ಹಾಕುವುದನ್ನು ಅಪರಾಧವೆಂದಿದೆ. ರೇಖಿಯನ್ನು ಅದು ಹೆಸರಿಸಿಲ್ಲ. ಹಾಗಾಗಿ ಪಂಪು ಬಿಡಿಸುವವರ ಮೇಲೆ ಕಣ್ಣಿಡಬೇಕಾದವರು ಮನೆಯವರೇ. ಮೆಡಿಕ್ಲೇಮ್ ವಿಚಾರವೂ ಗೊತ್ತಿರಲಿ: ಆಯುಷ್ ಎಂದು ಸರ್ಕಾರ ಒಪ್ಪಿದ ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪತಿಗಳ ಸಾಲಿನಲ್ಲಿ ರೇಖಿ, ಪ್ರಾಣಿಕ್ ಇಲ್ಲ. ಶಿಬಿರದ ರಸೀದಿ ಕ್ಲೇಮಿಗೆ ಬಾರದು.

ಹೀಲರ್ ಮನೆಗೆ ಬರುವಾಗ

ಕೋಣೆಯಲ್ಲಿ ಅಗರಬತ್ತಿ, ಧೂಪ, ಕರ್ಪೂರ ಬೇಡ ಎಂದು ಮೊದಲೇ ಹೇಳಿಬಿಡಿ. ವಾತಾವರಣ ಶುದ್ಧವಾಗಲೆಂದು ಹಚ್ಚಿದ ಹೊಗೆ ಹೋಗುವುದು ಅದೇ ಹರಿದ ಗಾಳಿಚೀಲಗಳಿಗೆ. ಮನೆಯಲ್ಲಿ ಆಕ್ಸಿಜನ್ ಇದ್ದರಂತೂ ಇದು ಬೆಂಕಿಯ ಜೊತೆ ಸರಸ. 2021ರ ಎರಡನೇ ಅಲೆಯಲ್ಲಿ ಕೊಂಡ ಕಾನ್ಸೆಂಟ್ರೇಟರ್‌ಗಳು ಹಲವು ಮನೆಗಳಲ್ಲಿವೆ. ಮೂಗಿಗೆ ನಳಿಗೆ ಹಾಕಿಕೊಂಡವರ ಹತ್ತಿರ ಆರತಿ, ನಂದಾದೀಪ ಯಾವುದೂ ಕೂಡದು. ಆ ಯಂತ್ರವನ್ನು ಮನಸ್ಸು ಬಂದಂತೆ ತಿರುಗಿಸುವುದೂ ಸರಿಯಲ್ಲ. ಆಸ್ಪತ್ರೆಯಲ್ಲಿ ಇಂಥ ರೋಗಿಗಳ ಆಕ್ಸಿಜನ್ ಮಟ್ಟವನ್ನು ಸಾಮಾನ್ಯವಾಗಿ 88ರಿಂದ 92ರ ನಡುವೆ ಇಡುತ್ತಾರೆ. ಕೆಲವರಲ್ಲಿ ಅತಿಯಾದ ಆಕ್ಸಿಜನ್ ಕೂಡ ಮಂಪರು ತರುತ್ತದೆ. ಕೂತಲ್ಲೇ ಮಟ್ಟ 88 ಅಥವಾ ಅದಕ್ಕಿಂತ ಕೆಳಗೇ ಉಳಿಯುವವರಿಗೆ ಡಾಕ್ಟರರು ಬರೆದುಕೊಡುವುದು ದಿನಕ್ಕೆ ಕನಿಷ್ಠ 15 ಗಂಟೆ. 1980 ಮತ್ತು 1981ರಲ್ಲಿ ಬಂದ ಎರಡು ಅಧ್ಯಯನಗಳು ಇದರಿಂದ ಆಯುಷ್ಯ ಹೆಚ್ಚುವುದನ್ನು ತೋರಿಸಿದವು. ಹೀಲಿಂಗ್‌ಗೆಂದು ಆ ಹೊತ್ತಿನಲ್ಲಿ ನಳಿಗೆ ಕಳಚುವ ಅಗತ್ಯವಿಲ್ಲ.

ಪಂಪು ಎಳೆಯುವ ಕ್ರಮವನ್ನು ಡಾಕ್ಟರರ ಎದುರಿಗೇ ಒಮ್ಮೆ ಮಾಡಿ ತೋರಿಸಿ. ಔಷಧ ಬಾಯಲ್ಲೇ ಉಳಿದು ಎದೆಗಿಳಿಯದೆ "ಪಂಪು ಹಿಡಿಯಲಿಲ್ಲ" ಎಂದು ಹೀಲರ್ ಕಡೆ ತಿರುಗಿದವರು ಸಾಕಷ್ಟಿದ್ದಾರೆ. ಸ್ಟಿರಾಯ್ಡ್ ಪಂಪಿನ ನಂತರ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ದೂರು ಕಡಿಮೆಯಾಗುತ್ತದೆ. ಬೆಲೆಯೇ ತೊಡಕಾದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ಕೇಳಿ. ಹೀಲಿಂಗ್ ಮಾಡಿಸುತ್ತಿದ್ದರೆ ಅದನ್ನೂ ಡಾಕ್ಟರರಿಂದ ಮುಚ್ಚಿಡಬೇಡಿ, ಬೈದರೆ ಬೈಯಲಿ.

ಇನ್ನು ನಮ್ಮ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ವಾರ್ಷಿಕೋತ್ಸವ, ರಾಜ್ಯೋತ್ಸವದ ಸಂದರ್ಭದ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್, ಕಣ್ಣು ನೋಡುತ್ತಾರೆ. ಊದಿ ನೋಡುವ ಸ್ಪೈರೋಮೆಟ್ರಿ ಯಂತ್ರವನ್ನೂ ಒಬ್ಬ ಎದೆರೋಗ ತಜ್ಞರನ್ನೂ ಕರೆಸಿದರೆ ಹೆಚ್ಚಿನ ಖರ್ಚಾಗದು. ನವೆಂಬರ್ ತಿಂಗಳಲ್ಲೇ ವಿಶ್ವ ಸಿಒಪಿಡಿ ದಿನವೂ ಬರುತ್ತದೆ. ಶಿಬಿರದ ಸಮಯವನ್ನು ಮಾತ್ರ ಮಧ್ಯಾಹ್ನ ಮೂರರಿಂದ ಐದಕ್ಕೆ ಇಡಿ. ಹೋಟೆಲಿನ ಒಳಮನೆಯವರಿಗೆ ಬಿಡುವು ಸಿಗುವುದು ಆ ಹೊತ್ತಿಗೆ ಮಾತ್ರ.